ಅವಲಂಬಿತರು

ಬ್ಯಾಂಕಿನಲ್ಲಿ ಸರದಿಯೇ ಇರಲಿಲ್ಲ. ಒಂದು ಗಂಟೆಯಾದರೂ ಆಗುತ್ತದೆ ಎಂದು ಹೇಳಿ ಹೋದವಳು ಇಪ್ಪತ್ತೇ ನಿಮಿಷಕ್ಕೆ ವಾಪಸು ಬಂದಳು. ಮೆಟ್ಟಿಲು ಹತ್ತಿ ಆಫೀಸಿನ ಗಾಜಿನ ಬಾಗಿಲಿಗೆ ಕೈ ಚಾಚುವಷ್ಟರಲ್ಲಿ ಒಳಗೆ ತಮ್ಮ ಕೂತಿರುವುದು ಕಂಡಿತು. ಅವಳ ಮೇಜಿನ ಮುಂದೆ ಅಲ್ಲ, ಅವಳ ಕೈಕೆಳಗಿನ ಸೊನ್ನೆಯ ಮೇಜಿನ ಮುಂದೆ. ಬಸ್ಸಿನ ಡ್ರೈವರಾದ ತಮ್ಮ ಡ್ಯೂಟಿಯ ಅಂಗಿಯಲ್ಲೇ ಬಂದಿದ್ದ. ತೊಡೆಯ ಮೇಲೆ ಒಂದು ಪ್ಲಾಸ್ಟಿಕ್ ಚೀಲ, ಅದರ ಮೇಲೆ ಎರಡೂ ಕೈ. ಹತ್ತು ವರ್ಷದಿಂದ ಅವನ ತೆರಿಗೆ ರಿಟರ್ನು ಮಾಡುತ್ತಿದ್ದವಳು ಅವಳೇ. ವರ್ಷಕ್ಕೊಮ್ಮೆ ಬಂದು, ಕಾಗದ ಮೇಜಿನ ಮೇಲಿಟ್ಟು, ನಿಂತಲ್ಲೇ ನಿಂತು, ಹಾಕೆಂದಲ್ಲಿ ಸಹಿ ಹಾಕಿ ಹೋಗುತ್ತಿದ್ದ. ಕೂತ್ಕೊಳೋ ಅಂದರೂ ಕೂರುತ್ತಿರಲಿಲ್ಲ, ನಿನ್ನ ಟೈಮ್ ಯಾಕೆ ಹಾಳು ಮಾಡ್ಲಿ ಅನ್ನುತ್ತಿದ್ದ. ಈಗ ಕೂತಿದ್ದ. ಏನೋ ಹೇಳುತ್ತಿದ್ದ, ಸೊನ್ನೆ ಪೆನ್ನು ಹಿಡಿದು ಕೇಳುತ್ತಿದ್ದ. ಒಳಗೆ ಹೋಗಿ, ಏನೋ ಇದು, ನನ್ನ ಬಿಟ್ಟು ಅವನ ಹತ್ರ, ಎಂದು ನಗುತ್ತಾ ಕೇಳಿಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಕೈ ಮಾತ್ರ ಬಾಗಿಲಿನಿಂದ ತಾನಾಗಿ ಹಿಂದೆ ಬಂತು. ಪಕ್ಕದ ಕೋಣೆಯ ಗೋಡೆ ಒಡೆಯುತ್ತಿದ್ದ ಗಾರೆಯವನು ಬಾಂಡ್ಲಿ ಹೊತ್ತು ಹೊರಗೆ ಬಂದವನು, "ಒಳಗಿಂದ ಬೋಲ್ಟು ಹಾಕಿದಾರಾ ಮೇಡಂ?" ಎಂದ. "ಇಲ್ಲ, ಫೋನಲ್ಲಿದ್ದೀನಿ" ಎಂದು ಅವಳು ಯಾರ ಕರೆಯೂ ಇಲ್ಲದ ಫೋನನ್ನು ಕಿವಿಗೆ ಹಿಡಿದಳು. ಅವನು ಹೋಗಲಿಲ್ಲ. ಅವನ ಸಲುವಾಗಿ ಎರಡು ಸಲ ಹೂಂ ಅಂದಳು. ಒಳಗೆ ಕುರ್ಚಿ ಸರಿದ ಸದ್ದಾಗುತ್ತಲೇ ಅದೇ ಫೋನು ಹಿಡಿದುಕೊಂಡು ಕೆಳಗೆ ಇಳಿಯುವ ಬದಲು ಮೇಲಿನ ಮಹಡಿಗೆ ಹತ್ತಿದಳು. ಕಂಬಿಯ ಸಂದಿಯಿಂದ ತಮ್ಮ ಇಳಿದು ಹೋಗುವುದು ಕಂಡಿತು. ಅವನ ನೆತ್ತಿಯಲ್ಲಿ ಕೂದಲು ಇಷ್ಟು ಉದುರಿದೆ ಎಂದು ಅವಳಿಗೆ ಗೊತ್ತೇ ಇರಲಿಲ್ಲ. ಐವತ್ತರ ಹೆಂಗಸು, ಸ್ವಂತ ಆಫೀಸಿನ ಯಜಮಾನಿ, ಕಳ್ಳಬೆಕ್ಕಿನ ಹಾಗೆ ಇನ್ನೊಬ್ಬರ ಮಹಡಿಯಲ್ಲಿ ಅವಿತು ನಿಂತಿದ್ದೇನೆ, ಯಾಕೆ ಎಂದು ತನ್ನನ್ನೇ ಕೇಳಿಕೊಂಡಳು. ಯಾಕೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದದ್ದನ್ನು ಪಕ್ಕಕ್ಕೆ ತಳ್ಳಿ ಮತ್ತೆ ಮತ್ತೆ ಕೇಳಿಕೊಂಡಳು.

ಒಳಗೆ ಹೋದಾಗ ಸೊನ್ನೆ ತಲೆಯೆತ್ತಿ, "ಬ್ಯಾಂಕ್ ಕೆಲಸ ಆಯ್ತಾ ಮೇಡಂ?" ಎಂದ.

"ಆಯ್ತು. ಯಾರಾದ್ರೂ ಬಂದಿದ್ರಾ?"

"ಔಷಧಿ ಅಂಗಡಿಯವರು ಬಂದಿದ್ರು. ಆಮೇಲೆ ಆ ಈಜು ಕಲಿಸೋರು, ಅವರ ಹಳೇ ರಸೀದಿ ಇನ್ನೂ ಸಿಕ್ಕಿಲ್ವಂತೆ."

ಅಷ್ಟೇ. ಮತ್ತೆ ಕಂಪ್ಯೂಟರಿನ ಕಡೆ ತಿರುಗಿದ. ಅವನ ಮುಂದಿನ ಕುರ್ಚಿ ತಮ್ಮ ಎದ್ದುಹೋದಂತೆಯೇ ಓರೆಯಾಗಿ ನಿಂತಿತ್ತು.

ಸೊನ್ನೆ ಅನ್ನುವುದು ಅವನ ಹೆಸರಲ್ಲ. ನಾಣ್ಯವಿಟ್ಟು ಗೀಚಿದಷ್ಟು ದುಂಡಗೆ ಸೊನ್ನೆ ಬರೆಯುತ್ತಾನೆ ಎಂದು ಯಾರೋ ಗಿರಾಕಿ ಇಟ್ಟ ಹೆಸರು. ಆರು ವರ್ಷದಿಂದ ಅದೇ ನಿಂತಿದೆ, ಅವನೂ ಬೇಸರಪಟ್ಟುಕೊಂಡವನಲ್ಲ. ಅವಳು ಜೆರಾಕ್ಸ್ ಅಂಗಡಿಯ ಮೂಲೆಯಲ್ಲಿ ಒಂದು ಮೇಜು ಬಾಡಿಗೆಗೆ ಹಿಡಿದು ಶುರುಮಾಡಿದ ಕೆಲಸ ಇದು. ಹತ್ತೊಂಬತ್ತು ವರ್ಷದಲ್ಲಿ ಎಂಟುನೂರು ಫೈಲಾಗಿ, ಈ ಸೀಸನ್ನಿನಲ್ಲಿ ಕೂರಲು ಜಾಗ ಸಾಲದೆ, ಪಕ್ಕದ ವಾಚು ರಿಪೇರಿಯವನು ಖಾಲಿ ಮಾಡಿದ ಕೋಣೆಯನ್ನೂ ತೆಗೆದುಕೊಂಡಿದ್ದಳು. ರಿಟರ್ನು ಸಲ್ಲಿಸುವ ಕೊನೆಯ ತಾರೀಖಿಗೆ ಇಪ್ಪತ್ತಮೂರು ದಿನ. ಗೋಡೆ ಒಡೆಯುವುದನ್ನು ಸೀಸನ್ ಆದ ಮೇಲೆ ಇಟ್ಟುಕೊಳ್ಳಬಹುದಿತ್ತಲ್ಲ ಮೇಡಂ ಎಂದು ಸೊನ್ನೆ ಮೆತ್ತಗೆ ಹೇಳಿದ್ದ. ಬೆಳೆಯುವಾಗ ಬೆಳೆದುಬಿಡಬೇಕು ಎಂದು ಅವಳು ಉತ್ತರ ಕೊಟ್ಟಿದ್ದಳು. ಈಗ ಫೈಲುಗಳ ಮೇಲೆಲ್ಲ ಇಟ್ಟಿಗೆ ಧೂಳು. ಜನ ಸುಳ್ಳನ್ನು ತಂದ ಕಾಗದದಲ್ಲಿ ಹೇಳುವುದು ಕಡಿಮೆ, ತರದೆ ಬಿಟ್ಟ ಕಾಗದದಲ್ಲಿ ಹೇಳುವುದೇ ಹೆಚ್ಚು ಎಂದು ಈ ಕೆಲಸ ಅವಳಿಗೆ ಕಲಿಸಿತ್ತು. ಎಲ್ಲ ರಸೀದಿ ಇದೆ ಮೇಡಂ ಎಂದು ಗಟ್ಟಿಯಾಗಿ ಹೇಳುವವನ ಫೈಲನ್ನು ಅವಳು ಎರಡು ಸಲ ನೋಡುತ್ತಾಳೆ. ಕರೆಂಟ್ ಬಿಲ್ಲು ನೋಡಿ ಮನೆಯಲ್ಲಿ ಎಷ್ಟು ಜನ ಇದ್ದಾರೆ ಎಂದು ಹೇಳಬಲ್ಲಳು. ಒಬ್ಬ ಹಲ್ಲಿನ ಡಾಕ್ಟರು, ನಿಮ್ಮ ಮುಂದೆ ಬಾಯಿ ತೆಗೆಯೋಕೆ ನಮಗೇ ಹೆದರಿಕೆ ಎಂದು ನಕ್ಕಿದ್ದ. ಆ ಮಾತನ್ನು ಅವಳು ಮೂರು ನಾಲ್ಕು ಕಡೆ ಹೇಳಿಕೊಂಡಿದ್ದಳು. ಈಗ ಸುಳ್ಳಿನ ವಾಸನೆ ಹಿಡಿಯುವ ಅದೇ ಮೂಗು ಸೊನ್ನೆಯ ಸುತ್ತ ಸುಳಿಯತೊಡಗಿತು. ಅವನು ಫೋನು ಬಂದರೆ ಹೊರಗೆ ಹೋಗಿ ಮಾತಾಡುತ್ತಾನೆ. ಮೊದಲೂ ಹೋಗುತ್ತಿದ್ದನೇ? ಮಧ್ಯಾಹ್ನ ಊಟಕ್ಕೆ ಹೋಗುವಾಗ ಮೇಜಿನ ಕೆಳಗಿನ ಡ್ರಾಯರಿಗೆ ಬೀಗ ಹಾಕುತ್ತಾನೆ. ಆರು ವರ್ಷ ಹಾಕದಿದ್ದ ಬೀಗ. ಔಷಧಿ ಅಂಗಡಿಯವನು ಮರುದಿನ ಬಂದು, ಅವಳು ಬನ್ನಿ ಎಂದು ಕುರ್ಚಿ ತೋರಿಸಿದರೆ, "ಪರವಾಗಿಲ್ಲ ಮೇಡಂ, ನಿಮಗೆ ಕೆಲಸ ಜಾಸ್ತಿ. ನಾನು ಸೊನ್ನೆ ಸಾರ್ ಹತ್ರಾನೇ ಕೂತ್ಕೋತೀನಿ" ಎಂದ. ಅವನ ಹತ್ತೊಂಬತ್ತು ರಿಟರ್ನಿನಲ್ಲಿ ಹದಿಮೂರನ್ನು ಅವಳು ತನ್ನ ಕೈಯಾರೆ ಬರೆದಿದ್ದಳು. ತೋರಿಸಿದ ಕೈಯನ್ನು ಏನು ಮಾಡಬೇಕೆಂದು ತಿಳಿಯದೆ ಸ್ಟೇಪ್ಲರು ಎತ್ತಿಕೊಂಡಳು.

ಮೂರು ವರ್ಷದ ಹಿಂದೆ ಒಂದು ಸಲ ಸೊನ್ನೆ ಕೇಳಿದ್ದ. ಸೀಸನ್ ಮುಗಿದ ಮರುದಿನ, ಇಬ್ಬರೂ ಟೀ ಕುಡಿಯುತ್ತಿದ್ದಾಗ, ಲೋಟದೊಳಗೆ ನೋಡುತ್ತಾ, "ಬೋರ್ಡಿನಲ್ಲಿ ನನ್ನ ಹೆಸರೂ ಬರೋದಾದ್ರೆ ಚೆನ್ನಾಗಿತ್ತು ಮೇಡಂ, ಚಿಕ್ಕ ಅಕ್ಷರದಲ್ಲಿ" ಎಂದಿದ್ದ. ಪಾಲು ಕೊಡಿ ಎಂದು ಹಾಗೆ ಸುತ್ತಿ ಕೇಳಿದ್ದು ಅವಳಿಗೆ ಅರ್ಥವಾಗಿತ್ತು. "ಆ ಬೋರ್ಡಿನಲ್ಲಿ ಜಾಗ ಎಲ್ಲಿದೆಯಪ್ಪ" ಎಂದು ನಗಿಸಿ ಕಳಿಸಿದ್ದಳು. ಅವನೂ ನಕ್ಕಿದ್ದ. ಮೊನ್ನೆ ಹೊಸ ಬೋರ್ಡು ಬರೆಯುವವನಿಗೆ ಅಳತೆ ಕೊಡುವಾಗ ಸೊನ್ನೆ ಅಲ್ಲೇ ನಿಂತಿದ್ದ. ಎಂಟು ಅಡಿ ಉದ್ದ, ಒಂದೇ ಹೆಸರು. ಆವತ್ತು ಅವನು ನಗಲಿಲ್ಲ. ಯಾಕೆ ನಗುತ್ತಾನೆ, ನಗುವಂಥದ್ದೇನಿತ್ತು. ಎದುರು ಕಟ್ಟಡದಲ್ಲಿ ಬಾಡಿಗೆಗೆ ಇದೆ ಎಂಬ ಚೀಟಿ ಎರಡು ವಾರದಿಂದ ಅಂಟಿಕೊಂಡಿತ್ತು. ತಮ್ಮ ಬಂದುಹೋದ ಹತ್ತನೆಯ ದಿನ ಬೆಳಿಗ್ಗೆ ಅದು ಕಾಣಲಿಲ್ಲ. ಅವಳು ಕಿಟಕಿಯ ಬಳಿ ಬಹಳ ಹೊತ್ತು ನಿಂತು, ಹಸಿರು ಬೋರ್ಡಿನ ಮೇಲೆ ದುಂಡಗೆ ಬರೆದ ಹೆಸರೊಂದನ್ನು ಮನಸ್ಸಿನಲ್ಲೇ ಅಲ್ಲಿ ಕಂಡಳು. ಅದರ ಕೆಳಗೆ ತಮ್ಮ ನಿಂತಿದ್ದ, ತೊಡೆಯ ಮೇಲಿದ್ದ ಚೀಲ ಕಂಕುಳಲ್ಲಿ. ಹತ್ತು ದಿನವಾಗಿತ್ತು. ತಮ್ಮನ ವಿಷಯ ಸೊನ್ನೆ ಬಾಯಿಬಿಟ್ಟಿರಲಿಲ್ಲ, ಬಂದ ಫೈಲುಗಳನ್ನೆಲ್ಲ ಬರೆಯುವ ದೊಡ್ಡ ರಿಜಿಸ್ಟರಿನಲ್ಲೂ ಅವನ ಹೆಸರಿರಲಿಲ್ಲ.

ಹನ್ನೊಂದನೆಯ ದಿನ ಸೊನ್ನೆ ಊಟಕ್ಕೆ ಹೋದ ಮೇಲೆ, ಎಲ್ಲ ಬೀಗಗಳಿಗೂ ತನ್ನ ಹತ್ತಿರವಿದ್ದ ಇನ್ನೊಂದು ಕೀಲಿಕೈ ತೆಗೆದುಕೊಂಡು ಅವನ ಮೇಜಿನ ಹತ್ತಿರ ಹೋದಳು. ಗಾರೆಯವನೂ ಊಟಕ್ಕೆ ಹೋಗಿದ್ದ; ಗೋಡೆಯಲ್ಲಿ ಆಳೆತ್ತರದ ತೂತಿತ್ತು, ಆ ಕಡೆಯಿಂದ ಯಾರೋ ನೋಡುತ್ತಿದ್ದಾರೆ ಅನ್ನಿಸಿ ಒಂದು ಸಲ ಬಗ್ಗಿ ನೋಡಿ ಬಂದಳು. ಡ್ರಾಯರಿನಲ್ಲಿ ಒಂದು ಟೂತ್‌ಬ್ರಷ್ಷು, ಹೊಟ್ಟೆಯುರಿಯ ಮಾತ್ರೆ, ತಮ್ಮನ ಫೈಲು. ಅಷ್ಟೇ. ಕದ್ದ ಗಿರಾಕಿಗಳ ಪಟ್ಟಿ ಇರಲಿಲ್ಲ, ಬಾಡಿಗೆ ಕರಾರಿರಲಿಲ್ಲ. ಫಾರಂ ಪೂರ್ತಿ ತುಂಬಿತ್ತು, ಅವಲಂಬಿತರು ಎಂಬ ಒಂದು ಸಾಲು ಬಿಟ್ಟು. ಆ ಸಾಲಿನಲ್ಲಿ ಪೆನ್ಸಿಲಿನಿಂದ ಅಮ್ಮನ ಹೆಸರು ಬರೆದು, ಅಳಿಸಿ, ಮತ್ತೆ ಬರೆದಿತ್ತು. ಹಿಂದೆ ಕ್ಲಿಪ್ಪು ಹಾಕಿ ತಮ್ಮನ ಹಿಂದಿನ ಎರಡು ವರ್ಷದ ರಿಟರ್ನು, ಅವಳದೇ ಅಕ್ಷರ, ಆ ಸಾಲಿನಲ್ಲಿ ಯಾರೂ ಇಲ್ಲ ಎಂದು. ಅದರ ಜೊತೆಗೆ ಕಂಪ್ಯೂಟರು ಉಗುಳಿದ ಒಂದು ಸಣ್ಣ ಚೀಟಿ: ಈ ವ್ಯಕ್ತಿಯ ಸಂಖ್ಯೆಯನ್ನು ಇದೇ ಕಚೇರಿಯಿಂದ ಸಲ್ಲಿಸಿದ ಮತ್ತೊಂದು ರಿಟರ್ನಿನಲ್ಲಿ ಅವಲಂಬಿತರೆಂದು ತೋರಿಸಲಾಗಿದೆ. ಕೆಳಗೆ ಆ ಮತ್ತೊಂದು ರಿಟರ್ನಿನ ನಂಬರು. ಅವಳದೇ ನಂಬರು. ಅದು ಅವಳಿಗೆ ಬಾಯಿಪಾಠ.

ಅವನ ಕುರ್ಚಿಯಲ್ಲೇ ಕೂತಳು. ಅಮ್ಮ ಅವಳ ಮನೆಯಲ್ಲೇ ಇದ್ದದ್ದು. ಗಂಡ ತೀರಿಕೊಂಡ ಮೇಲೆ ಮನೆಯಲ್ಲಿ ಇಬ್ಬರೇ, ಅವಳೂ ಅಮ್ಮನೂ. ಎರಡು ವರ್ಷದ ಹಿಂದೆ, ಇಂಥದೇ ಸೀಸನ್ನಿನಲ್ಲಿ, ಬೆಳಿಗ್ಗೆ ಎಂಟಕ್ಕೆ ಬೀಗ ಹಾಕಿ ಹೊರಟರೆ ಅಮ್ಮ ಒಬ್ಬಳೇ ಒಳಗೆ. ಒಂದು ದಿನ ಒಲೆ ಆರಿಸುವುದನ್ನು ಮರೆತು ಪಾತ್ರೆ ಸುಟ್ಟು ಹೊಗೆಯಾಗಿ ಪಕ್ಕದವರು ಬಾಗಿಲು ಒಡೆದಿದ್ದರು. ತಮ್ಮ ಬಂದು, ಸೀಸನ್ ಮುಗಿಯೋವರೆಗೆ ನಮ್ಮಲ್ಲಿರ್ಲಿ ಬಿಡಕ್ಕ ಎಂದು ಕರೆದುಕೊಂಡು ಹೋದ. ಸೀಸನ್ ಮುಗಿಯಿತು. ಅಮ್ಮನ ಬಟ್ಟೆ ಇನ್ನೊಂದಿಷ್ಟು ಕಳಿಸಿಕೊಡು ಎಂದು ತಮ್ಮ ಫೋನು ಮಾಡಿದ, ಕಳಿಸಿಕೊಟ್ಟಳು. ಕರೆದುಕೊಂಡು ಬಾ ಎಂದು ಅವಳು ಹೇಳಲಿಲ್ಲ, ಕರೆದುಕೊಂಡು ಹೋಗು ಎಂದು ಅವನು ಹೇಳಲಿಲ್ಲ. ಆ ವರ್ಷ ತನ್ನ ರಿಟರ್ನು ಮಾಡುವಾಗ ಅಮ್ಮನ ಹೆಸರು ಹಿಂದಿನ ವರ್ಷದಿಂದ ತಾನಾಗಿ ಬಂದು ಕೂತಿತ್ತು. ಅಳಿಸಲಿಲ್ಲ, ಅಷ್ಟೇ, ಅದು ತಪ್ಪು ಅನ್ನಿಸುವಷ್ಟು ಹೊತ್ತು ಅವಳು ಆ ಸಾಲಿನಲ್ಲಿ ನಿಲ್ಲಲೇ ಇಲ್ಲ. ಆದರೆ ಮರುವರ್ಷ ಕಂಪ್ಯೂಟರು ಕೇಳಿತು: ಇವರು ಈಗಲೂ ನಿಮ್ಮೊಂದಿಗೆ ವಾಸವಾಗಿದ್ದಾರೆಯೇ? ಅವಳು ಎದ್ದು ಹೋಗಿ ನೀರು ಕುಡಿದು ಬಂದಳು. ತನಗೆ ಬೀಳುವ ತೆರಿಗೆಯ ದರ ಹೆಚ್ಚು, ತಮ್ಮನದು ಕಡಿಮೆ, ವೃದ್ಧ ತಾಯಿಯನ್ನು ಮನೆಯಲ್ಲಿಟ್ಟು ನೋಡಿಕೊಳ್ಳುವವರಿಗೆ ಸಿಗುವ ಈ ವಿನಾಯಿತಿ ಅವನಿಗೆ ಸಿಕ್ಕರೂ ಪುಡಿಗಾಸು, ಅಷ್ಟನ್ನು ಹಣ್ಣು ಔಷಧಿ ಎಂದು ತಾನೇ ಹೇಗೂ ಕೊಟ್ಟುಬಿಡುತ್ತೇನೆ ಎಂದು ಲೆಕ್ಕ ಹಾಕಿದಳು. ಹೌದು ಎಂದು ಒತ್ತಿದಳು. ಅದೇ ಮಧ್ಯಾಹ್ನ ತಮ್ಮ ಬಂದು ನಿಂತಲ್ಲೇ ಸಹಿ ಹಾಕಿ ಹೋದ. ಹಣ್ಣು ಮೂರು ಸಲ ಒಯ್ದಿದ್ದಳು. ಔಷಧಿಯ ಚೀಟಿ ಕೇಳಲು ನೆನಪಾಗಲಿಲ್ಲ.

ಫೈಲನ್ನು ಇದ್ದ ಹಾಗೇ ಇಟ್ಟಳು. ಕ್ಲಿಪ್ಪು ಎಡಗಡೆ ಇತ್ತೋ ಬಲಗಡೆ ಇತ್ತೋ ನೆನಪಾಗಲಿಲ್ಲ. ಟೂತ್‌ಬ್ರಷ್ಷು ಮೇಲಿತ್ತೋ ಕೆಳಗೋ. ಸೊನ್ನೆ ಊಟ ಮುಗಿಸಿ ಬಂದು ಕೂತು, ಡ್ರಾಯರಿನ ಬೀಗ ತೆಗೆದು, ಒಂದು ಕ್ಷಣ ಹಾಗೇ ಇದ್ದು ಮುಚ್ಚಿದ. ಇವನು ಬೇಕೆಂದೇ ಫೈಲು ಹಿಡಿದಿಟ್ಟಿದ್ದಾನೆ. ಒಂದು ನೋಟಿಸು ಸಾಕು. ತೆರಿಗೆ ಮಾಡಿಕೊಡುವವಳ ಸ್ವಂತ ರಿಟರ್ನೇ ಸುಳ್ಳು ಎಂದಾದರೆ ಲೈಸೆನ್ಸು ಹೋಗುತ್ತದೆ, ಎಂಟುನೂರು ಫೈಲು ತಾವಾಗಿ ಎದುರು ಕಟ್ಟಡದ ಮೆಟ್ಟಿಲು ಹತ್ತುತ್ತವೆ. ಅವನು ಬೆಲೆ ಹೇಳುವ ದಿನಕ್ಕೆ ಕಾಯುತ್ತಿದ್ದಾನೆ. ಕೊನೆಯ ವಾರದಲ್ಲಿ ಹೇಳುತ್ತಾನೆ, ಇಲ್ಲ ಅನ್ನಲಾಗದ ಹೊತ್ತಿನಲ್ಲಿ. ತಾನಾಗಿದ್ದರೆ ಹಾಗೇ ಮಾಡುತ್ತಿದ್ದೆ ಅನ್ನಿಸಿ, ಆ ಯೋಚನೆ ಎಷ್ಟು ಸಲೀಸಾಗಿ ಬಂತೆಂದು ಅವಳಿಗೇ ದಿಗಿಲಾಯಿತು.

ಭಾನುವಾರ ತಮ್ಮನ ಮನೆಗೆ ಹೋದಳು, ಎರಡು ಕಿಲೋ ಹಣ್ಣು ತೆಗೆದುಕೊಂಡು. ಇದೂ ಪತ್ತೆ ಮಾಡಲು ಬಂದದ್ದೇ ಎಂದು ದಾರಿಯುದ್ದಕ್ಕೂ ಗೊತ್ತಿತ್ತು. ಅಮ್ಮ ಕಿಟಕಿಯ ಪಕ್ಕ ಕೂತಿದ್ದಳು; ತಮ್ಮನ ಹೆಂಡತಿ ಕೆಳಗೆ ಪೇಪರು ಹಾಸಿಕೊಂಡು ಅಮ್ಮನ ಕಾಲು ತನ್ನ ಮಡಿಲಲ್ಲಿಟ್ಟುಕೊಂಡು ಉಗುರು ತೆಗೆಯುತ್ತಿದ್ದಳು. ದಪ್ಪ, ಹಳದಿ ಉಗುರು. ಮೊದಲು ಬಿಸಿನೀರಿನಲ್ಲಿ ನೆನೆಸಿದ್ದಳು, ಪಕ್ಕದಲ್ಲಿ ಬೋಗುಣಿಯಿತ್ತು. "ಬನ್ನಿ ಅತ್ತಿಗೆ, ಏಳೋಕಾಗಲ್ಲ, ಕಾಲು ಬಿಟ್ರೆ ಮತ್ತೆ ಕೊಡಲ್ಲ ಇವರು" ಎಂದಳು. ಅಮ್ಮ ಅವಳನ್ನು ನೋಡಿ ಯೋಚನೆ ಮಾಡಿ, "ಈಗ ಸೀಸನ್ ಅಲ್ವಾ? ನೀನು ಹೇಗೆ ಬಂದೆ?" ಎಂದಳು. ಮಗಳ ಹೆಸರು ಮರೆತರೂ ಅದೊಂದನ್ನು ಅಮ್ಮ ಮರೆತಿರಲಿಲ್ಲ. ತಮ್ಮ ಟೀ ತಂದುಕೊಟ್ಟು ಎದುರಿಗೆ ಕೂತ. ಅಡುಗೆಮನೆಯ ಬಾಗಿಲಿಗೆ ಹೊಸ ಚಿಲಕ ಎತ್ತರದಲ್ಲಿ, ಅಮ್ಮನ ಕೈಗೆ ಸಿಗದ ಹಾಗೆ. ಬಚ್ಚಲಿನವರೆಗೆ ಗೋಡೆಗೆ ಹಿಡಿಕೆಯ ಪೈಪು. ಬಸ್ಸಿನಲ್ಲಿರುವಂಥದ್ದೇ ಪೈಪು, ಡಿಪೋದಲ್ಲಿ ಹಳೆಯದು ಸಿಕ್ಕಿತು ಎಂದು ಅವನೇ ಹೇಳಿದ. ಕಳೆದ ಸಲ ಬಂದಾಗ ಅದೆಲ್ಲ ಇತ್ತೇ? ಅವಳು ಆ ಕಡೆ ನೋಡಿಯೇ ಇರಲಿಲ್ಲ.

"ಆಫೀಸಿಗೆ ಬಂದಿದ್ಯಂತೆ" ಎಂದಳು, ಆದಷ್ಟು ಹಗುರವಾಗಿ.

"ಹೂಂ, ಹೋದ ವಾರ. ಅಲ್ಲ, ಅದಕ್ಕೂ ಮುಂಚೆ. ನಿನಗೆ ಗೋಡೆ ಕೆಲಸ ಬೇರೆ ನಡೀತಿದೆ ಅಂದ್ರು. ನಿನಗ್ಯಾಕೆ ತೊಂದರೆ ಅಂತ ಅವರ ಹತ್ರಾನೇ ಕೊಟ್ಟೆ. ಯಾಕೆ, ಏನಾದ್ರೂ ಕಾಗದ ಕಮ್ಮಿ ಇದ್ಯಾ?"

"ಇಲ್ಲ. ಅವನು ಏನೇನು ಕೇಳಿದ?"

"ಎಲ್ಲಾ ಕೇಳಿದ್ರು. ಸಂಬಳ, ಬಾಡಿಗೆ. ಮನೇಲಿ ಯಾರ್ಯಾರಿದೀರಿ ಅಂತ. ಅಮ್ಮ ಇದಾರೆ ಅಂದೆ. ಎಷ್ಟು ದಿನದಿಂದ ಅಂದ್ರು. ಎರಡು ವರ್ಷ ಆಯ್ತು ಅಂದೆ. ಆಮೇಲೆ ಪೆನ್ನು ಕೆಳಗಿಟ್ಟು ಸುಮ್ನೆ ಕೂತ್ಬಿಟ್ರು."

"ನೀನು ಏನಂದೆ?"

"ಏನನ್ಲಿ. ಹಿಂದಿನ ವರ್ಷದ್ದೆಲ್ಲಾ ನಮ್ಮಕ್ಕ ಮಾಡಿದ್ದು, ಅದರಲ್ಲಿ ಹೇಗಿದ್ಯೋ ಹಾಗೇ ಬರೀರಿ, ಅವಳು ಮಾಡಿದ್ದು ಸರಿಯಾಗೇ ಇರುತ್ತೆ ಅಂದೆ."

ಅವಳು ತಮ್ಮನ ಮುಖ ನೋಡಿದಳು. ಹತ್ತೊಂಬತ್ತು ವರ್ಷ ಎದುರು ಕೂತವರ ಮುಖ ಓದಿದವಳಿಗೆ ಈ ಒಂದು ಮುಖ ಓದಲಾಗಲಿಲ್ಲ. ಇವನಿಗೆ ಗೊತ್ತಿದೆಯೋ, ಗೊತ್ತಿದ್ದೇ ಹೀಗೆ ಹೇಳುತ್ತಿದ್ದಾನೋ, ಅಥವಾ ಅವನಿಗೆ ನಿಜವಾಗಿಯೂ ಅಷ್ಟೇನೋ. ಗೊತ್ತಿದ್ದು ಹೇಳಿದ್ದರೆ ಒಳ್ಳೆಯದಿತ್ತು. ಅಮ್ಮ ಕಾಲು ಎಳೆದುಕೊಂಡಳು, ನಾದಿನಿ ಬೈಯದೆ ಮತ್ತೆ ಹಿಡಿದಳು. ಪೇಪರಿನ ಮೇಲೆ ಉಗುರಿನ ಚೂರು ಬೀಳುವ ಸದ್ದು ಕೇಳುತ್ತಿತ್ತು. ಟೀ ಪೂರ್ತಿ ಕುಡಿಯದೆ ಎದ್ದಳು. "ಕೆಲಸ ಇರ್ಬೇಕು, ಹೋಗ್ಲಿ ಬಿಡು" ಎಂದು ಅಮ್ಮನೇ ಅವಳ ಪರವಾಗಿ ಹೇಳಿದಳು.

ಸೋಮವಾರ ಅವಳು ಕಾಯಲಿಲ್ಲ. ಅವನು ಬೆಲೆ ಹೇಳುವ ಮೊದಲು ತಾನೇ ಕೊಟ್ಟುಬಿಟ್ಟರೆ ಅದು ಬೆಲೆಯ ಹಾಗೆ ಕಾಣುವುದಿಲ್ಲ ಎಂದು ಲೆಕ್ಕ ಹಾಕಿದ್ದಳು. ಸೊನ್ನೆಯನ್ನು ಹೊಸ ಕೋಣೆಗೆ ಕರೆದಳು. ಮೇಜು ಕುರ್ಚಿ ಇನ್ನೂ ಬಂದಿರಲಿಲ್ಲ. ವಾಚಿನವನು ಬಿಟ್ಟುಹೋದ ಮೊಳೆಗಳು ಗೋಡೆಯ ತುಂಬ, ಪ್ರತಿ ಮೊಳೆಯ ಕೆಳಗೂ ಒಂದೊಂದು ದುಂಡನೆಯ ಬಿಳಿ ಕಲೆ. ಇಬ್ಬರೂ ಸಿಮೆಂಟಿನ ಚೀಲಗಳ ನಡುವೆ ನಿಂತರು.

"ಈ ಕೋಣೆ ನಿನ್ನದು ಅಂದ್ಕೊಂಡಿದೀನಿ" ಎಂದಳು. "ಬೋರ್ಡ್ ಬರೆಯೋನಿಗೆ ನಿಲ್ಲಿಸು ಅಂತ ಹೇಳಿದೀನಿ. ನಿನ್ನ ಹೆಸರೂ ಹಾಕಿಸ್ತೀನಿ. ಚಿಕ್ಕ ಅಕ್ಷರ ಅಲ್ಲ, ಸಮ ಸಮ. ಲಾಭದಲ್ಲಿ ಮೂರನೇ ಒಂದು ಪಾಲು. ಕಾಗದಪತ್ರ ಈ ವಾರಾನೇ ಮಾಡ್ಸೋಣ."

ಅವನು ಬಹಳ ಹೊತ್ತು ಮೊಳೆಗಳನ್ನೇ ನೋಡಿದ. ಮುಖಕ್ಕೆ ಸಂತೋಷ ಬಂದದ್ದು ಅವಳಿಗೆ ಕಂಡಿತು. ಬಂದದ್ದು ಹಾಗೇ ನಿಂತು, ಮೆಲ್ಲಗೆ ಬೇರೆ ಏನೋ ಆಯಿತು.

"ಡ್ರಾಯರ್ ತೆಗೆದ್ರಾ ಮೇಡಂ?"

ಅವಳು ಗೋಡೆಯ ಒಂದು ಮೊಳೆಯನ್ನು ಅಲ್ಲಾಡಿಸಿ ನೋಡಿದಳು.

"ತೆಗೆದಿದ್ರೆ ಒಳ್ಳೇದೇ ಆಯ್ತು" ಎಂದ. "ಹೇಗೆ ಹೇಳೋದು ಅಂತ ಗೊತ್ತಾಗ್ದೆ ಇಷ್ಟು ದಿನ ಇಟ್ಕೊಂಡಿದ್ದೆ. ರಿಜಿಸ್ಟರಿಗೆ ಹಾಕಿದ್ರೆ ಬೇರೆಯವರು ನೋಡ್ತಾರಲ್ಲ ಅಂತ ಬೀಗ ಹಾಕ್ದೆ. ದಿನಾ ಬೆಳಿಗ್ಗೆ ಇವತ್ತು ಹೇಳ್ಬೇಕು ಅಂತ ಬರ್ತಿದ್ದೆ. ನಿಮ್ಮ ಮುಖ ನೋಡೋಕಾಗ್ತಿರ್ಲಿಲ್ಲ."

"ಯಾರಿಗಾದ್ರೂ ಹೇಳಿದೀಯಾ?"

ಕೇಳಬಾರದಿತ್ತು. ಅವನು ಅವಳನ್ನು ಮೊದಲ ಸಲ ನೇರವಾಗಿ ನೋಡಿದ.

"ಇಲ್ಲ ಮೇಡಂ. ನಿಮ್ಮ ತಮ್ಮನವರ ರಿಟರ್ನಿಗೆ ಆ ಸಾಲು ಖಾಲಿ ಬಿಟ್ಟು ನನ್ನ ಸಹಿ ಹಾಕೋಕಾಗಲ್ಲ. ತುಂಬಿದ್ರೆ ನಿಮ್ಮ ಮೇಲೆ ನೋಟಿಸ್ ಬರುತ್ತೆ. ನೀವೇ ಮುಂಚೆ ತಿದ್ದುಪಡಿ ಹಾಕ್ಬಿಟ್ರೆ ದಂಡ ಕಟ್ಟಿ ಮುಗಿಯುತ್ತೆ, ಲೈಸೆನ್ಸಿಗೆ ಏನೂ ಆಗಲ್ಲ. ಫಾರಂ ತೆಗೆದಿಟ್ಟಿದೀನಿ, ಎರಡೂ ವರ್ಷದ್ದು."

"ಸರಿ. ಬೋರ್ಡಿನ ವಿಷಯ?"

"ಬೇಡ ಮೇಡಂ." ಅವನು ತಲೆಯ ಮೇಲೆ ಬಿದ್ದಿದ್ದ ಧೂಳು ಒರೆಸಿಕೊಂಡ. "ಮೂರು ವರ್ಷದಿಂದ ಮನೇಲಿ ಹೆಂಡ್ತಿ ಹತ್ರ ಇದೊಂದೇ ಮಾತು. ಇವತ್ತು ತಗೊಂಡ್ರೆ ಅವಳಿಗೆ ಏನಂತ ಹೇಳ್ಲಿ, ಯಾಕೆ ಕೊಟ್ರು ಅಂತ ಹೇಳ್ಲಿ? ಇವತ್ತು ಬೇಡ."

ಹೊರಗೆ ಯಾರೋ ಸೊನ್ನೆ ಸಾರ್ ಎಂದು ಕರೆದರು, ಅವನು ಹೋದ. ಅವಳು ಸಿಮೆಂಟಿನ ಚೀಲದ ಮೇಲೆ ಕೂತಳು. ಹಾಗಾದರೆ ಎದುರು ಕಟ್ಟಡ ಹಿಡಿದವರು ಯಾರು ಎಂದು ಆಗಲೂ ಅವಳ ತಲೆ ಕೇಳುತ್ತಿತ್ತು. ಸಂಜೆ ನೋಡಿದಾಗ ಅಲ್ಲಿ ಹೊಲಿಗೆ ಯಂತ್ರಗಳನ್ನು ಇಳಿಸುತ್ತಿದ್ದರು.

ತಿದ್ದುಪಡಿ ಫಾರಮಿನಲ್ಲಿ ಅಂಕಿಗಳೆಲ್ಲ ಹತ್ತು ನಿಮಿಷದ ಕೆಲಸ. ಕಾರಣ ಎಂಬ ಒಂದು ಚೌಕದಲ್ಲಿ ಅವಳು ಎರಡು ದಿನ ಸಿಕ್ಕಿಬಿದ್ದಳು. ಕಣ್ತಪ್ಪಿನಿಂದ ಎಂದು ಬರೆದಳು. ನೂರಾರು ಗಿರಾಕಿಗಳಿಗೆ ಅವಳೇ ಬರೆದುಕೊಟ್ಟ ಮಾತು, ಯಾವ ಅಧಿಕಾರಿಯೂ ಮರುಪ್ರಶ್ನೆ ಕೇಳದ ಮಾತು. ಅಳಿಸಿದಳು. ಎಂಟನೆಯ ಸಲಕ್ಕೆ, ತಾಯಿ ನನ್ನೊಂದಿಗೆ ವಾಸವಾಗಿರಲಿಲ್ಲ, ಅದು ನನಗೆ ತಿಳಿದಿತ್ತು ಎಂದು ಬರೆದು, ಮತ್ತೆ ಓದದೆ ಕಳಿಸಿಬಿಟ್ಟಳು. ತಮ್ಮನ ಎರಡು ವರ್ಷದ ರಿಟರ್ನನ್ನೂ ಸರಿಮಾಡಿದಳು. ಅದಕ್ಕೆ ಎರಡು ಪುಟದ ಒಂದು ಹೇಳಿಕೆ ಲಗತ್ತಿಸಬೇಕಿತ್ತು: ವೃದ್ಧರು ಯಾವಾಗಿನಿಂದ ಈ ಮನೆಯಲ್ಲಿದ್ದಾರೆ, ಆರೈಕೆ ಮಾಡುವವರು ಯಾರು, ಈವರೆಗೆ ವಿನಾಯಿತಿ ಪಡೆದವರು ಯಾರು. ಕೊನೆಯಲ್ಲಿ ಆರೈಕೆ ಮಾಡುವವರ ಸಹಿ. ತಮ್ಮನ ಸಹಿ ಅಲ್ಲಿಗೆ ಸಾಲುತ್ತಿರಲಿಲ್ಲ, ಅವನ ಹೆಂಡತಿಯದು ಬೇಕಿತ್ತು. ಬುಧವಾರ ಬೆಳಿಗ್ಗೆ, ಹನ್ನೊಂದು ಜನ ಟೋಕನ್ ಹಿಡಿದು ಕೂತಿರುವಾಗ, ಸೊನ್ನೆಗೆ "ನೋಡ್ಕೋ" ಎಂದು ಹೇಳಿ ಎದ್ದು ಹೊರಟಳು.

ತಮ್ಮ ಬೆಳಗಿನ ಡ್ಯೂಟಿ ಮುಗಿಸಿ ಬಂದು ಮನೆಯ ಮುಂದಿನ ಕಟ್ಟೆಯ ಮೇಲೆ ಶೂ ಬಿಚ್ಚುತ್ತಿದ್ದ. ಅವಳು ಅಲ್ಲೇ ನಿಂತು ಹೇಳಿದಳು. ಅಮ್ಮ ನಿಮ್ಮನೇಲಿದ್ರೂ ನನ್ನ ಮನೇಲಿದಾಳೆ ಅಂತ ಬರೆದೆ, ಎರಡು ವರ್ಷ, ಆ ವಿನಾಯಿತಿ ನಿಂದು, ನಾನು ತಗೊಂಡೆ. ಅವನು ಒಂದು ಶೂ ಕೈಯಲ್ಲಿ ಹಿಡಿದು ಕೇಳಿದ.

"ಗೊತ್ತಾಗ್ದೆ ಆಗಿದ್ದಾ?"

"ಗೊತ್ತಿತ್ತು."

"ಗೊತ್ತಾಗ್ದೆ ಆಯ್ತು ಅಂತ ಹೇಳ್ಬಹುದಿತ್ತಲ್ಲ" ಎಂದ ತಮ್ಮ. "ನಾನು ನಂಬ್ತಿದ್ದೆ."

ಶೂವನ್ನು ಇನ್ನೊಂದರ ಪಕ್ಕದಲ್ಲಿ ಸರಿಯಾಗಿ ಜೋಡಿಸಿಟ್ಟ. ದುಡ್ಡು ಎಷ್ಟು ಎಂದು ಕೇಳಲಿಲ್ಲ. ದನಿ ತಗ್ಗಿಸಿ, "ಒಳಗೆ ಅವಳಿಗೆ ಹೇಳ್ಬೇಡಕ್ಕ. ಸುಮ್ನೆ ಸಹಿ ಹಾಕಿಸ್ಕೊಂಡು ಹೋಗು. ಅವಳು ನಿನ್ನ ಬಗ್ಗೆ ಬಂದವರ ಹತ್ರ ಎಲ್ಲಾ ಹೆಮ್ಮೆಯಿಂದ ಹೇಳ್ಕೋತಾಳೆ" ಎಂದ. ಅವನು ಉಳಿಸಬೇಕೆಂದಿರುವುದು ತನ್ನನ್ನೋ, ಹೆಂಡತಿಯನ್ನೋ, ಇಲ್ಲ ಮನೆಯ ಶಾಂತಿಯನ್ನೋ ಎಂದು ಅವಳ ಮನಸ್ಸು ಮಾಮೂಲಿನಂತೆ ಬೆದಕತೊಡಗಿತು. ಅದನ್ನು ಅಲ್ಲೇ ಬಿಟ್ಟು ಒಳಗೆ ಹೋದಳು.

ನಾದಿನಿ ಅಮ್ಮನ ಹಾಸಿಗೆಯ ಬಟ್ಟೆ ಹಿಂಡುತ್ತಿದ್ದವಳು ಕೈ ಒರೆಸಿಕೊಂಡು ಬಂದು, ಪೆನ್ನು ತೆಗೆದುಕೊಂಡು, "ಎಲ್ಲಿ ಹಾಕ್ಬೇಕು ಅತ್ತಿಗೆ?" ಎಂದಳು.

"ಓದಿ ಹಾಕು."

"ನೀವು ಬರೆದಿದ್ದನ್ನ ನಾನೇನು ಓದ್ಲಿ."

"ಓದು" ಎಂದಳು. "ಎರಡು ಪುಟ ಇದೆ. ಪೂರ್ತಿ ಓದು."

ದನಿಯಲ್ಲಿ ಏನಿತ್ತೋ, ನಾದಿನಿ ಅವಳ ಮುಖ ನೋಡಿ, ಗೂಟಕ್ಕೆ ಹಾಕಿದ್ದ ಕನ್ನಡಕ ತೆಗೆದುಕೊಂಡು ಅಮ್ಮನ ಮಂಚದ ತುದಿಯಲ್ಲಿ ಕೂತಳು. ಬೆರಳಿಟ್ಟು ಓದತೊಡಗಿದಳು. ಅವಳು ನಿಂತೇ ಇದ್ದಳು, ಕೂತ್ಕೊಳ್ಳಿ ಎಂದು ಯಾರೂ ಹೇಳಲಿಲ್ಲ. ಮೊದಲ ಪುಟದಲ್ಲಿ ತನ್ನ ಹೆಸರು ಬಂದಾಗ ನಾದಿನಿಯ ಮುಖದಲ್ಲಿ ಸಣ್ಣ ನಾಚಿಕೆ ಬಂದುಹೋಯಿತು. ಎರಡನೆಯ ಪುಟದ ಮಧ್ಯದಲ್ಲಿ ಬೆರಳು ನಿಂತಿತು. ಮುಂದೆ ಹೋಗದೆ ಹಿಂದಿನ ಸಾಲಿಗೆ ಬಂತು, ಮತ್ತೆ ಅಲ್ಲಿಗೇ ಹೋಗಿ ನಿಂತಿತು. ತಮ್ಮ ಬಾಗಿಲಿನವರೆಗೆ ಬಂದು, ಹೆಂಡತಿಯ ಮುಖ ನೋಡಿ, ಒಳಗೆ ಕಾಲಿಡಲಿಲ್ಲ. ಅಮ್ಮ ನಿದ್ದೆ ಮಾಡುತ್ತಿದ್ದಳು. ಬಚ್ಚಲಿನಲ್ಲಿ ತಿರುವಿಟ್ಟ ನಲ್ಲಿ ಬಕೆಟ್ಟು ತುಂಬಿ ಹರಿಯುವುದು ಮೂವರಿಗೂ ಕೇಳುತ್ತಿತ್ತು.

ನಾದಿನಿ ಕೊನೆಯವರೆಗೆ ಓದಿದಳು. ಕನ್ನಡಕ ತೆಗೆಯದೆ, ಕಾಗದವನ್ನು ತೊಡೆಯ ಮೇಲಿಟ್ಟುಕೊಂಡು ನಿಧಾನವಾಗಿ, ಪೆನ್ನು ಒತ್ತಿ, ಪೂರ್ತಿ ಹೆಸರು ಬರೆದು ಸಹಿ ಮಾಡಿದಳು. ಆದರೆ ಕೊಡಲಿಲ್ಲ.

"ಇದರದ್ದು ಒಂದು ಜೆರಾಕ್ಸು ನನ್ನ ಹತ್ರ ಇರ್ಲಿ" ಎಂದಳು.

"ಇವತ್ತೇ ಕಳಿಸ್ತೀನಿ."

"ಕಳಿಸೋದು ಬೇಡ. ನಾಳೆ ಗುರುವಾರ, ಹತ್ತು ಗಂಟೆಗೆ ಅಮ್ಮನ್ನ ಕಣ್ಣಿನ ಡಾಕ್ಟರ ಹತ್ರ ಕರ್ಕೊಂಡು ಹೋಗೋದಿದೆ. ನೀವೇ ಬಂದು ಕರ್ಕೊಂಡು ಹೋಗಿ. ಬರ್ತಾ ತನ್ನಿ. ಅಲ್ಲಿ ಮಧ್ಯಾಹ್ನದವರೆಗೂ ಕೂರಿಸ್ತಾರೆ, ಇವರಿಗೆ ಎರಡು ಸಲ ಬಚ್ಚಲಿಗೆ ಹೋಗ್ಬೇಕಾಗುತ್ತೆ, ನೀವು ಒಳಗೆ ಹೋಗಿ ಹಿಡ್ಕೋಬೇಕು."

ಅವಳು ಹತ್ತಕ್ಕೆ ಬರುತ್ತೇನೆ ಎಂದಳು. ನಾದಿನಿ ಕಾಗದ ಕೊಟ್ಟು, ಕನ್ನಡಕವನ್ನು ಗೂಟಕ್ಕೆ ಹಾಕಿ, ನಲ್ಲಿ ನಿಲ್ಲಿಸಲು ಹೋದಳು.